ಬೊಟ್ಟಿಲ್ಲದ ಕಾರ್ಡು

೧

ಎಲ್ಲಿಂದ ಶುರುಮಾಡಲಿ? ಮೊದಲು ಬರೆದ ಸಾಲು ಹೀಗಿತ್ತು: ‘ನೆನಪೆಂಬುದು ಬೆಂಕಿಪೊಟ್ಟಣದ ಗಾತ್ರದ್ದು.’ ಬರೆದು ಅರ್ಧ ಗಂಟೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಕಥಾನಾಯಕ ಗುರುಪಾದಸ್ವಾಮಿಗೆ ಓದಿ ಹೇಳಿದೆ. ಅವನು ಲೆನ್ಸ್ ಒರೆಸುತ್ತಾ, ಅದು ನೆನಪಲ್ಲ ಸಾರ್, ಕಾರ್ಡು, ಐನೂರ ಹನ್ನೆರಡು ಎಂಬಿ ಎಂದ. ಹೊಡೆದುಹಾಕಿದೆ.

ಎರಡನೆಯ ಶುರು: ‘೨೦೦೬ರ ಮಾರ್ಚ್ ತಿಂಗಳಲ್ಲಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಎದುರಿನ ಫೋಟೊ ಸ್ಟುಡಿಯೊದ ಗುರುಪಾದಸ್ವಾಮಿ ರೀಲಿನ ಕ್ಯಾಮೆರಾ ಬಿಟ್ಟು ಡಿಜಿಟಲ್ ಕ್ಯಾಮೆರಾ ಕೊಂಡ.’ ಇದರಲ್ಲಿ ತಪ್ಪಿಲ್ಲ, ಸ್ವಾರಸ್ಯವೂ ಇಲ್ಲ. ಇರಲಿ, ಇಟ್ಟುಕೊಳ್ಳೋಣ. (ಮೂರನೆಯ ಶುರು ಒಂದು ಸಾವಿನ ಮನೆಯಲ್ಲಿತ್ತು. ಅಷ್ಟು ಬೇಗ ನಿಮ್ಮನ್ನು ಅಲ್ಲಿಗೆ ಕರೆದೊಯ್ಯಲು ಮನಸ್ಸಾಗಲಿಲ್ಲ.)

೨

ಕ್ಯಾಮೆರಾ ಬಂದ ಮೇಲೆ ಮೆಮೊರಿ ಕಾರ್ಡು ಬೇಕಲ್ಲ. ಗುರುಪಾದಸ್ವಾಮಿ ಚಾಮರಾಜನಗರಕ್ಕೆ ಹೋದ. ಅಲ್ಲಿ ಸುಧಾಕರ್ ಎಂಬವನ ಕಲರ್ ಲ್ಯಾಬ್ ಇದೆ. ಫೋಟೊ ತೊಳೆದು ಕೊಡುವವನೂ ಅವನೇ, ಸಾಮಾನು ಮಾರುವವನೂ ಅವನೇ. ಗಾಜಿನ ಮೇಜಿನ ಮೇಲೆ ಅವನು ಕಪ್ಪು ಬಿಲ್ಲೆಗಳನ್ನು ಇಟ್ಟ. ಒಂದು ಜಿಬಿಯದು ಒಂದು, ಅದರರ್ಧದವು ಎರಡು. ಮುಟ್ಟಿ ನೋಡಿದರೆ ಎಲ್ಲ ಒಂದೇ ತೂಕ. ಚಿಕ್ಕದರಲ್ಲಿ ನೂರೈವತ್ತು ಚಿಲ್ಲರೆ ಫೋಟೊ ಹಿಡಿಯುತ್ತದೆ ಎಂದು ಸುಧಾಕರ್ ಹೇಳಿದಾಗ ಗುರುಪಾದಸ್ವಾಮಿ ಮನಸ್ಸಿನಲ್ಲೇ ಅದನ್ನು ನಾಲ್ಕು ರೀಲು ಎಂದು ತರ್ಜುಮೆ ಮಾಡಿಕೊಂಡ.

ಸುಧಾಕರನ ಸಲಹೆ ಸರಿಯಾಗಿತ್ತು. ದೊಡ್ಡದೊಂದನ್ನೇ ನಂಬಿದರೆ ಅದು ಕೆಟ್ಟ ದಿನ ಇಡೀ ಮದುವೆ ಹೋಗುತ್ತದೆ. ಚಿಕ್ಕವು ಎರಡಿದ್ದರೆ ಅರ್ಧವಾದರೂ ಉಳಿಯುತ್ತದೆ ಎಂದ. ಗುರುಪಾದಸ್ವಾಮಿ ತಲೆಯಾಡಿಸಿ ಎರಡು ಚಿಕ್ಕ ಕಾರ್ಡು ಕೊಂಡ. ಸುಧಾಕರನ ತಿಳುವಳಿಕೆಯಲ್ಲಿ ಎರಡೂ ಮದುವೆಗೆ. ಗುರುಪಾದಸ್ವಾಮಿಯ ತಿಳುವಳಿಕೆಯಲ್ಲಿ ಒಂದು ಮದುವೆಗೆ, ಒಂದು ಸಾವಿಗೆ.

ನಗಬೇಡಿ. ಊರಿನ ಫೋಟೊಗ್ರಾಫರನಿಗೆ ಬರುವ ಕರೆಗಳೇ ಈ ಎರಡು. ರೀಲಿನ ಕಾಲದಲ್ಲಿ ಒಮ್ಮೆ ಬೇಗೂರಿನ ಒಂದು ಮದುವೆಯ ರೀಲಿನಲ್ಲಿ ಕೊನೆಯ ಎರಡು ಚೌಕ ಮಿಕ್ಕಿದ್ದವೆಂದು ಅವನು ಅದರಲ್ಲೇ ಒಂದು ಹೆಣದ ಫೋಟೊ ತೆಗೆದಿದ್ದ. ಮದುಮಗಳ ತಾಯಿ ನೆಗೆಟಿವ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮಗಳ ಪಕ್ಕದ ಚೌಕದಲ್ಲೇ ಹೆಣ ಕೂತಿತ್ತು. ಆಲ್ಬಮ್ಮನ್ನು ಅಂಗಡಿಯಲ್ಲೇ ಬಿಟ್ಟು ಎದ್ದುಹೋದರು. ಅಂದಿನಿಂದ ಅವನ ರೀಲುಗಳು ಬೇರೆಬೇರೆ. (ನಮ್ಮ ಲಿಂಗಾಯತರಲ್ಲಿ ಸೂತಕವಿಲ್ಲ ಎಂದು ಅವನ ಜನ ಎದೆ ತಟ್ಟಿ ಹೇಳುತ್ತಾರೆ. ಹೇಳಿ, ಮದುವೆಗೆ ಬೇರೆ ರೀಲು ಹಾಕಿದ್ದೀಯಾ ತಾನೆ ಎಂದು ಮೆಲ್ಲಗೆ ಕೇಳುತ್ತಾರೆ.)

ಮನೆಗೆ ಬಂದು, ಹೆಂಡತಿಯ ಹಣೆಬೊಟ್ಟಿನ ಒಂದು ಕೆಂಪು ಸ್ಟಿಕ್ಕರ್ ತೆಗೆದು ಮದುವೆಯ ಕಾರ್ಡಿಗೆ ಅಂಟಿಸಿದ. ಇನ್ನೊಂದಕ್ಕೆ ಏನೂ ಅಂಟಿಸಲಿಲ್ಲ.

೩

ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಹಂಗಳದಿಂದ ಫೋನು ಬಂತು. ಮರಿಮಲ್ಲಪ್ಪನವರ ಹೆಂಡತಿ ಶಾಂತಮಲ್ಲಮ್ಮ ತೀರಿಕೊಂಡಿದ್ದರು.

ಮರಿಮಲ್ಲಪ್ಪ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿದ್ದು ನಿವೃತ್ತರಾದವರು. ಕಾಡು ನೋಡಲು ಬಂದವರೆಲ್ಲ ಅವರನ್ನು ಜೀಪಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದಿದ್ದಾರೆ, ಕಳಿಸುತ್ತೇವೆ ಎಂದಿದ್ದಾರೆ, ಒಬ್ಬರೂ ಕಳಿಸಿಲ್ಲ. ಶಾಂತಮಲ್ಲಮ್ಮನದು ತದ್ವಿರುದ್ಧ. ಫೋಟೊ ತೆಗೆದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿ ಜೀವಮಾನದಲ್ಲಿ ಒಂದೂ ತೆಗೆಸಿಕೊಂಡವರಲ್ಲ. (ವೋಟರ್ ಕಾರ್ಡಿನಲ್ಲಿ ಇರಬೇಕಲ್ಲ ಎನ್ನುತ್ತೀರಿ. ನಾನೂ ಕೇಳಿದೆ. ಶಾಲೆಗೆ ಫೋಟೊ ತೆಗೆಯುವವರು ಬಂದ ದಿನ, ಓಟು ಹೋದರೆ ಹೋಗಲಿ ಎಂದು ಆಕೆ ತವರಿಗೆ ಹೋಗಿ ಕೂತಿದ್ದರಂತೆ. ರೇಷನ್ ಕಾರ್ಡಿಗೂ ಅದೇ ಹಟ.) ಈಗ ಕಮ್ಮಿಯಾಗಲು ಆಯಸ್ಸೇ ಇರಲಿಲ್ಲ. ಒಂದಾದರೂ ಇರಲಿ ಎಂದು ಮರಿಮಲ್ಲಪ್ಪ ಫೋನು ಮಾಡಿಸಿದ್ದರು.

ಗುರುಪಾದಸ್ವಾಮಿ ಬೊಟ್ಟಿಲ್ಲದ ಕಾರ್ಡು ಹಾಕಿಕೊಂಡು ಬೈಕಿನಲ್ಲಿ ಹೋದ. ಅವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸಮಾಧಿಯಲ್ಲೂ ಕೂತೇ ಇರಬೇಕು. ಜಗಲಿಯ ಮೇಲೆ ಮರದ ಕುರ್ಚಿ. ಹಸಿರು ಸೀರೆ, ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಅಂಗೈಯಲ್ಲಿ ಇಷ್ಟಲಿಂಗ. ತಲೆ ಮಾತ್ರ ಮುಂದಕ್ಕೆ ವಾಲುತ್ತಿತ್ತು. ಮರಿಮಲ್ಲಪ್ಪ ಕುರ್ಚಿಯ ಹಿಂದೆ ಮಂಡಿಯೂರಿ, ಫೋಟೊದಲ್ಲಿ ತಾವು ಬೀಳದಂತೆ ತಲೆ ತಗ್ಗಿಸಿ, ಹೆಂಡತಿಯ ಕತ್ತಿಗೆ ಹಿಂದಿನಿಂದ ಕೈಯಾನಿಸಿ ತಲೆಯನ್ನು ನೆಟ್ಟಗೆ ಹಿಡಿದರು. ಕಂಬದ ನೆರಳು ಅಡ್ಡ ಬೀಳುತ್ತಿತ್ತು. ಗುರುಪಾದಸ್ವಾಮಿ ಫ್ಲ್ಯಾಶ್ ಹಾಕಿದ. ವಿಭೂತಿ ಬಿಳಿ ಹೊಡೆಯಿತು, ಬೆಳಕು ಇಳಿಸಿದ. ಹನ್ನೊಂದು ಫೋಟೊ ತೆಗೆದ. ಅಷ್ಟು ಹೊತ್ತೂ ಮರಿಮಲ್ಲಪ್ಪ ಹಾಗೇ ಹಿಡಿದುಕೊಂಡಿದ್ದರು.

೪

ಅದೇ ಸಂಜೆ ಗುಂಡ್ಲುಪೇಟೆಯ ಕಲ್ಯಾಣ ಮಂಟಪದಲ್ಲಿ ವರಪೂಜೆ, ಭಾನುವಾರ ಬೆಳಗ್ಗೆ ಧಾರೆ. ತರಕಾರಿ ಮಂಡಿಯ ಶಿವಶಂಕರನ ಮಗಳು ತೇಜಸ್ವಿನಿಯ ಮದುವೆ. ಹುಡುಗಿಯ ತಾಯಿ ದಾನೇಶ್ವರಿ ತಿಂಗಳ ಮುಂಚೆಯೇ ಸ್ಟುಡಿಯೊಗೆ ಬಂದು, ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು ಹೇಳಿಹೋಗಿದ್ದರು.

“ಅಯ್ನೋರೆ, ಸಾವಿಗೋದ ಕಾರ್ಡು ನನ್ ಮಗಳ್ ಮದ್ವೆಗೆ ಬ್ಯಾಡ ಕಣಿ.”

ಹಂಗಳದ ಫೋಟೊಗಳನ್ನು ಕಂಪ್ಯೂಟರಿಗೆ ಇಳಿಸಲು ಚಾಮರಾಜನಗರಕ್ಕೇ ಹೋಗಬೇಕಿತ್ತು. ಸೋಮವಾರ ಎರಡನ್ನೂ ಒಟ್ಟಿಗೆ ಒಯ್ದರಾಯಿತು ಎಂದುಕೊಂಡು ಬೊಟ್ಟಿಲ್ಲದ ಕಾರ್ಡನ್ನು ಬ್ಯಾಗಿನ ಒಳಜೇಬಿಗೆ ಹಾಕಿದ.

ರೀಲಿನ ಕಾಲದಲ್ಲಿ ಅವನದು ಬಿಗಿ ಕೈ. ಈಗ ಒತ್ತಿದಷ್ಟೂ ಪುಕ್ಕಟೆ. ಚಿಕ್ಕಪ್ಪನ ಮಕ್ಕಳು, ಮಂಡಿಯ ಗೆಳೆಯರು, ಕೇರಳದಿಂದ ಬಂದ ವ್ಯಾಪಾರಿಗಳು, ಎಲ್ಲರೂ ವೇದಿಕೆಗೆ ಹತ್ತಿದರು. ಎಲ್ಲರನ್ನೂ ಎರಡೆರಡು ಸಲ ತೆಗೆದ. ಭಾನುವಾರ ಅಂತರಪಟ ಸರಿಯುವ ಹೊತ್ತಿಗೆ ಕ್ಯಾಮೆರಾ ನಿಂತುಹೋಯಿತು. ಕಾರ್ಡು ತುಂಬಿತ್ತು. ವಾದ್ಯದವರು ಗಟ್ಟಿಮೇಳಕ್ಕೆ ಕೈಯೆತ್ತಿದ್ದರು.

ಒಳಜೇಬಿನ ಕಾರ್ಡು ತೆಗೆದು ಹಾಕಿದ. ಇಲ್ಲಿ ಸ್ವಲ್ಪ ನಿಲ್ಲಿ, ದಯವಿಟ್ಟು. ಆ ಕಾರ್ಡಿನಲ್ಲಿ ಜಾಗವಿತ್ತು. ಹನ್ನೊಂದು ಹೋಗಿ ಇನ್ನೂ ನೂರನಲವತ್ತು ಫೋಟೊಗಳಷ್ಟು ಜಾಗ. ಏನನ್ನೂ ಅಳಿಸದೆ ಸುಮ್ಮನೆ ಒತ್ತುತ್ತಾ ಹೋಗಬಹುದಿತ್ತು. ಆದರೆ ಅವನ ಕಣ್ಣಿಗೆ ಬಂದದ್ದು ಬೇಗೂರಿನ ಆ ನೆಗೆಟಿವ್ ಪಟ್ಟಿ. ಮದುಮಗಳ ಪಕ್ಕದಲ್ಲಿ ಹೆಣ. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡಿಯೇ ಒಳಗೆ ಬರುವಂತೆ, ಕಾರ್ಡನ್ನೂ ತೊಳೆದೇ ಮದುವೆಗೆ ತರಬೇಕು ಎಂದು ಕೈ ತಾನಾಗಿ ತೀರ್ಮಾನಿಸಿತು. ಕಾರ್ಡಿನಲ್ಲಿದ್ದುದನ್ನೆಲ್ಲ ಅಳಿಸುವ ಎರಡು ಗುಂಡಿ ಒಟ್ಟಿಗೆ ಒತ್ತಿದ. ಖಚಿತವೇ ಎಂದು ಅಕ್ಷರಗಳು ಮಿಣುಕಿದವು. ಮತ್ತೆ ಒತ್ತಿದ.

ತಾಳಿ ಕಟ್ಟುವ ಫೋಟೊ ಬಹಳ ಚೆನ್ನಾಗಿ ಬಂದಿದೆ.

೫

(ಇಲ್ಲಿಗೆ ಬಂದಾಗ ಗುರುಪಾದಸ್ವಾಮಿ ನನ್ನ ಮೇಜಿನ ಹತ್ತಿರ ಬಂದು ನಿಂತ.

“ಐನೂರ ಹನ್ನೆರಡು ಅಂತ ಬರ್ದವ್ರು ನೀವು. ಒಂದು ಜಿಬಿ ಅಂತ ಬರ್ದಿದ್ರೆ ನಿಮ್ ಪೆನ್ನಿಗೆ ಏನ್ ಕಮ್ಮಿ ಆಯ್ತಿತ್ತು?”

ಹಾಗೆ ಬರೆದಿದ್ದರೆ ಕಥೆಯೇ ಇರುತ್ತಿರಲಿಲ್ಲ ಎಂದೆ.

“ಕತೆ ಇಲ್ದಿದ್ರೆ ಓಗ್ಲಿ ಸಾರ್. ಆ ಯಮ್ಮನ ಫೋಟ ಉಳ್ಕತಿತ್ತು.”

ಆಧುನಿಕೋತ್ತರ ಕಥೆಗಾರ ಎನಿಸಿಕೊಂಡವನಿಗೆ ಇಂಥ ಹೊತ್ತಿಗೆ ಒಂದು ಚಮತ್ಕಾರದ ಮಾತು ಹೊಳೆಯಬೇಕು. ನನಗೆ ನಾಚಿಕೆಯಾಯಿತು, ಅಷ್ಟೇ.)

೭

(ಆರನೆಯ ಭಾಗದಲ್ಲಿ ಅವನು ರಾತ್ರಿಯಿಡೀ ಅಳುತ್ತಿದ್ದ. ತನ್ನನ್ನು ಹಾಗೆ ತೋರಿಸಬೇಡಿ ಎಂದು ಕೇಳಿಕೊಂಡ. ತೆಗೆದೆ.)

ಸೋಮವಾರ ಸುಧಾಕರ್ ಒಂದು ಸಾಫ್ಟ್‌ವೇರ್ ಹಾಕಿ ಎರಡು ಗಂಟೆ ಹುಡುಕಿದ. ಅಳಿಸಿದ್ದು ಎಷ್ಟೋ ಸಲ ಹಾಗೇ ಉಳಿದಿರುತ್ತದೆ, ಮೇಲೆ ಬೇರೆ ಬರೆಯದಿದ್ದರೆ ಎಂದು ವಿವರಿಸಿದ. ಇಲ್ಲಿ ಬರೆದಾಗಿತ್ತು. ಮೊದಲ ಹನ್ನೊಂದು ಫೋಟೊ ಇದ್ದ ಜಾಗದಲ್ಲೇ ಧಾರೆ ಬಂದು ಕೂತಿತ್ತು. ಪಕ್ಕದಲ್ಲಿ ಕೂರಬಾರದೆಂದು ಅಳಿಸಿದ್ದ ಗುರುಪಾದಸ್ವಾಮಿ, ಒಂದರ ಮೇಲೊಂದನ್ನು ಕೂರಿಸಿಬಿಟ್ಟಿದ್ದ.

ಗುರುವಾರ ಮರಿಮಲ್ಲಪ್ಪ ಬಂದರು. ಮುಂದಿನ ಮಂಗಳವಾರಕ್ಕೆ ಹನ್ನೊಂದನೆಯ ದಿನ, ಶಿವಗಣಾರಾಧನೆ. ಅಷ್ಟರಲ್ಲಿ ಚೌಕಟ್ಟು ಹಾಕಿದ ಫೋಟೊ ಬೇಕಿತ್ತು. ಹೆಣದ ಫೋಟೊಗೆ ಕಣ್ಣು ತೆರೆಸಿ ಕೊಡುವುದು ಸ್ಟುಡಿಯೊಗಳ ಹಳೆಯ ಕೆಲಸ. ಮುಂಚೆ ಕುಂಚದಲ್ಲಿ, ಈಗ ಕಂಪ್ಯೂಟರಿನಲ್ಲಿ. ಅದನ್ನೇ ಕೇಳಿದರು.

“ಕಣ್ಣು ತೆರ್ಸಿ ಕೊಡಿ ಅಯ್ನೋರೆ. ಕಣ್ಮುಚ್ಕಂಡಿರ ಫೋಟಕ್ಕೆ ನಾ ಎಂಗ್ ಊವ ಆಕ್ಲಿ?”

ಲ್ಯಾಬಿನಲ್ಲಿದೆ ಎಂದು ಗುರುಪಾದಸ್ವಾಮಿ ಸುಳ್ಳು ಹೇಳಿದ. ಆಗಲಿ, ಸೋಮವಾರ ಬರುತ್ತೇನೆ ಎಂದು ಅವರು ಹೋದರು.

೮

ಮುಕ್ತಾಯಗಳು ಇಲ್ಲಿವೆ, ನೋಡಿ.

ಒಂದು: ಹಳೆಯ ನೆಗೆಟಿವ್ ಪೆಟ್ಟಿಗೆಯಲ್ಲಿ ಹುಡುಕಿದಾಗ, ಯಾರದೋ ಮದುವೆಯ ಗುಂಪಿನ ಅಂಚಿನಲ್ಲಿ ಶಾಂತಮಲ್ಲಮ್ಮ ಸಿಗುತ್ತಾರೆ. ಇದನ್ನು ಬರೆದೆ. ಓದಿದರೆ ತೀರಾ ಸೊಗಸಾಗಿತ್ತು. ಹಾಗಾಗಿಯೇ ಅನುಮಾನ ಬಂದು ಪೆಟ್ಟಿಗೆ ತೆರೆದು ನೋಡಿದೆವು, ನಾನೂ ಅವನೂ. ಆಕೆ ಅಂಥವರಲ್ಲ. ಎಲ್ಲ ಗುಂಪಿನಿಂದಲೂ ಸಮಯಕ್ಕೆ ಸರಿಯಾಗಿ ಎದ್ದುಹೋಗಿದ್ದಾರೆ.

ಎರಡು: ಅದೇ ವಯಸ್ಸಿನ ಬೇರೊಬ್ಬಳ ಫೋಟೊಗೆ ವಿಭೂತಿ ಬಳಿದು, ಹಾರ ಹಾಕಿ, ಕಣ್ಣು ತೆರೆಸಿ ಕೊಡುವುದು. ಇದಕ್ಕೆ ಸುಧಾಕರ್ ಒಪ್ಪಿದ. ಗುರುಪಾದಸ್ವಾಮಿ ಒಪ್ಪಲಿಲ್ಲ. ನೀವು ಬರೆದರೂ ನಾನು ಕೈಯಲ್ಲಿ ಕೊಡುವುದಿಲ್ಲ ಎಂದ.

ಮೂರು: ಸೋಮವಾರವೇ ಬರದಂತೆ ನೋಡಿಕೊಳ್ಳುವುದು. ಕಥೆಗಾರನಿಗೆ ಇದು ಸುಲಭ, ಒಂದು ವಾಕ್ಯ ಬರೆಯದಿದ್ದರಾಯಿತು. ಮೂರು ವಾರ ಬರೆಯದೆ ಕೂತೆ. ಆ ಮೂರು ವಾರವೂ ಹಂಗಳದಲ್ಲಿ ಒಬ್ಬರು ಬಸ್ಸಿಗೆ ಕಾಯುತ್ತಿದ್ದರು ಎಂಬುದು ಮಾತ್ರ ತಲೆಯಿಂದ ಹೋಗಲಿಲ್ಲ.

೯

ಸೋಮವಾರ ಮಧ್ಯಾಹ್ನ ಮರಿಮಲ್ಲಪ್ಪ ಸ್ಟುಡಿಯೊದ ಬೆಂಚಿನ ಮೇಲೆ ಕೂತರು. ಚೌಕಟ್ಟು ಸುತ್ತಿಕೊಂಡು ಹೋಗಲು ಒಗೆದ ಟವೆಲ್ ತಂದಿದ್ದರು.

ಗುರುಪಾದಸ್ವಾಮಿ ನನ್ನನ್ನು ಕೇಳಲಿಲ್ಲ. ಬೊಟ್ಟಿಲ್ಲದ ಕಾರ್ಡನ್ನು ಅವರ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದ. ಜಾಗವಿತ್ತು ಎಂಬುದನ್ನೂ ಹೇಳಿದ. ಅದನ್ನು ಹೇಳದೆ ಬಿಡಬಹುದಿತ್ತು.

ಮರಿಮಲ್ಲಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವನೂ ನಾನೂ ಬದುಕಿಕೊಳ್ಳುತ್ತಿದ್ದೆವು. ಕಾರ್ಡನ್ನು ಬೆಂಚಿನ ಮೇಲಿಟ್ಟು ಕೇಳಿದರು.

“ಓಗ್ಲಿ ಬುಡಿ. ನಾ ಇಂದ್ಗಡೆ ಕತ್ತ ಇಡ್ಕಂಡಿದ್ದೆ, ಮೊಕ ಕಾಣ್ನಿಲ್ಲ. ಮುಂಚೆ ಎಂಗುಸ್ರು ಸುತ್ಕಂಡಿದ್ರು, ಆಮ್ಯಾಕೆ ಜನ ಮುತ್ಕಂಡ್ರು. ನೀವು ಅಷ್ಟೊತ್ತು ನೋಡಿದ್ರಲ್ಲ, ಯೋಳಿ. ಎಂಗಿದ್ಲು? ನೋವಲ್ಲಿದ್ಲಾ, ಸುಮ್ಗಿದ್ಲಾ?”

ಗುರುಪಾದಸ್ವಾಮಿ ನೆನೆಸಿಕೊಳ್ಳಲು ನೋಡಿದ. ಕಂಬದ ನೆರಳು ನೆನಪಿತ್ತು. ವಿಭೂತಿ ಬಿಳಿ ಹೊಡೆದದ್ದು, ಬೆಳಕು ಎಷ್ಟು ಇಳಿಸಿದೆ ಎಂಬುದು, ಎಷ್ಟನೆಯ ಫೋಟೊ ಎಂದು ಮೂಲೆಯಲ್ಲಿ ಬೀಳುತ್ತಿದ್ದ ಅಂಕಿ, ಎಲ್ಲ ನೆನಪಿತ್ತು. ಮುಖ ಇರಲಿಲ್ಲ. ಕಾರ್ಡು ನೋಡಿಕೊಳ್ಳುತ್ತದೆ ಎಂದು ಅವನು ನೋಡಿಯೇ ಇರಲಿಲ್ಲ.

ನಾನು ಗಾಬರಿಯಿಂದ ಮೂರನೆಯ ಭಾಗಕ್ಕೆ ಓಡಿದೆ. ಹಸಿರು ಸೀರೆ ಇದೆ. ಚೆಂಡುಹೂವಿದೆ, ಇಷ್ಟಲಿಂಗವಿದೆ, ಕತ್ತಿನ ಹಿಂದಿನ ಕೈಯೂ ಇದೆ. ಮುಖ ಬರೆದಿಲ್ಲ. ಬೇಕಾದರೆ ನೀವೂ ಹಿಂದಕ್ಕೆ ಹೋಗಿ ನೋಡಿ. ಈಗಲೂ ಒಂದು ಸಾಲು ಸೇರಿಸಬಹುದು, ‘ನಿದ್ದೆ ಬಂದವರ ಹಾಗೆ ನೆಮ್ಮದಿಯಾಗಿದ್ದರು’ ಎಂದು. ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ. ಮೂವತ್ತೆಂಟು ವರ್ಷ ಜೊತೆಗಿದ್ದವರು ಕೇಳುತ್ತಿದ್ದಾರೆ. ನೋಡದೆ ಹೇಳುವುದು ಹೇಗೆ?

ಹಂಗಳದ ಬಸ್ಸಿಗೆ ಇನ್ನೂ ಹೊತ್ತಿದೆ. ಮರಿಮಲ್ಲಪ್ಪ ಟವೆಲ್ಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಗುರುಪಾದಸ್ವಾಮಿಯ ಮುಖ ನೋಡುತ್ತಿದ್ದಾರೆ. ಗುರುಪಾದಸ್ವಾಮಿ ನನ್ನ ಮುಖ ನೋಡುತ್ತಿದ್ದಾನೆ.