ಎಲೆಯೊಳಗೆ ಹೋಗಿ ಬಂದ ಪುಷ್ಪಾ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ನಾನು ಚಂದ್ರನಿಂದ ಶುರು ಮಾಡಿದ್ದೆ. ಕುದಾಪುರದ ಸಂಸ್ಥೆಯೊಂದರಿಂದ ಎರವಲು ತಂದ ವಿಆರ್ ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಹೆಂಗಸೊಬ್ಬಳು ಚಂದ್ರನ ಮೇಲೆ ಇಳಿದು ಕಣ್ಣೀರಿಡುತ್ತಾಳೆ. ಎರಡು ಪುಟ ಬರೆದು, ಆ ಹೆಂಗಸಿಗೆ, ಅಂದರೆ ಪುಷ್ಪಾಗೆ, ಓದಿ ಹೇಳಿದೆ. ಅವಳು ಮಗ್ಗ ನಿಲ್ಲಿಸಲೂ ಇಲ್ಲ.

"ಚಂದ್ರ ಅಲ್ಲ, ಎಲೆ. ನಾನೇನ್ ಅಳ್ಲಿಲ್ಲ. ಆಗಿದ್ದು ಬರೀರಿ ಸಾರ್."

(ಎರಡೂ ಪುಟ ಕಸದ ಬುಟ್ಟಿಗೆ. ಅದರಲ್ಲಿದ್ದ ಒಂದು ಉಪಮೆಗಾಗಿ ಈಗಲೂ ಹೊಟ್ಟೆ ಉರಿಯುತ್ತದೆ.)

೨
ಆದದ್ದು ಇಷ್ಟು. ಒಂಬತ್ತನೇ ಕ್ಲಾಸಿನ ಮಗಳು ಸ್ವಪ್ನಳನ್ನು ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸುತ್ತೇನೆ ಎಂದು ಹೇಳಲು ಪುಷ್ಪಾ ಶಾಲೆಗೆ ಹೋಗಿದ್ದಳು. ಚಳ್ಳಕೆರೆಯಿಂದ ದಿನವೂ ಬಸ್ಸಿನಲ್ಲಿ ಬರುವ ವಿಜ್ಞಾನದ ಟೀಚರ್ ಮೇಘಾ ಅಂದು ಆ ಎರವಲು ಹೆಡ್‌ಸೆಟ್ ಕಟ್ಟಿ ಮಕ್ಕಳನ್ನು ಒಬ್ಬೊಬ್ಬರಾಗಿ ಎಲೆಯೊಳಗೆ ಕಳಿಸುತ್ತಿದ್ದಳು. ಮಾತು ಆಮೇಲೆ, ಮೊದಲು ಇದನ್ನು ನೋಡಿ ಎಂದು ಪುಷ್ಪಾಳ ಕಣ್ಣಿಗೂ ಹೆಡ್‌ಸೆಟ್ ಕಟ್ಟಿದಳು.

ಸುತ್ತಲೂ ಹಸಿರು. ತಲೆಯ ಮೇಲೆ ತೊಲೆಗಳಷ್ಟು ದಪ್ಪನೆಯ ನರಗಳು, ಅವುಗಳೊಳಗೆ ಏರುವ ನೀರು. ಗೋಡೆಗೆ ಗೋಡೆ ತಾಗಿದ ಸಾವಿರಾರು ಕೋಣೆಗಳು, ಕೋಣೆ ಕೋಣೆಯಲ್ಲೂ ಮೆಲ್ಲಗೆ ಸುತ್ತುವ ಹಸಿರು ಮಣಿಗಳು. (ಇಲ್ಲಿ ನನ್ನ ಭಾಷೆ ಸೋಲುತ್ತದೆ. ಸೋಲಲಿ.) ಕಡಿದ ಎಳೆಯನ್ನು ಹುಡುಕುವವಳಂತೆ ಪುಷ್ಪಾ ಗಾಳಿಯನ್ನು ತಡವಿದಳು. ಮಕ್ಕಳು ಯಾರೂ ನಗಲಿಲ್ಲ. ಅವಳು ಮನೆಯ ತೆಲುಗಿನಲ್ಲಿ ಏನೋ ಗೊಣಗಿದಳು. ಆಮೇಲೆ ಕನ್ನಡದಲ್ಲಿ ಕೇಳಿದಳು:

"ಎಲ್ಲೂ ಗಂಟೇ ಇಲ್ವಲ್ಲ. ಇದನ್ನ ಯಾರು ನೇಯ್ದೋರು ಮೇಡಂ?"

ಹನ್ನೊಂದು ವರ್ಷದಿಂದ ಎಲೆಯ ಪಾಠ ಮಾಡುತ್ತಿದ್ದ ಮೇಘಾ ಪುಷ್ಪಾಳ ಕಣ್ಣಿಂದ ಹೆಡ್‌ಸೆಟ್ ಬಿಚ್ಚಿದಳು. ಅದನ್ನು ತಾನೂ ಕಟ್ಟಿಕೊಂಡು, ಮೊದಲ ಸಲವೆಂಬಂತೆ ನೋಡಿದಳು.

೩
ಹೇಳಲು ಹೋದದ್ದನ್ನು ಪುಷ್ಪಾ ಹೇಳದೆ ಬಂದಳು. ಮರುದಿನ ಮತ್ತೆ ಹೋದಳು, ಅದರ ಮರುದಿನವೂ. ಅಲ್ಲಿಯವರೆಗೆ ಬೇರೆಯವರು ಕೊಟ್ಟ ಡಿಸೈನನ್ನೇ ನೇಯ್ದವಳು ಈಗ ತಾನು ಕಂಡದ್ದನ್ನು ಹೇಳುತ್ತಾ ಹೋದಳು. ಸ್ವಪ್ನ ಅದನ್ನು ಸೀರೆಯ ಡಿಸೈನಾಗಿಸಲು ಗ್ರಾಫ್ ಹಾಳೆಯಲ್ಲಿ ಚೌಕ ತುಂಬುತ್ತಾ ಹೋದಳು. ಜೀವಕೋಶವೆಂದರೇನೆಂದು ಮಗಳು ಹೇಳಿಕೊಟ್ಟಳು, ಅದರ ಗೋಡೆಗೆ ಎಷ್ಟು ಎಳೆ ಬೇಕೆಂದು ತಾಯಿ.

ಶಾಲೆ ಬಿಡಿಸುವ ಮಾತು ಏನಾಯಿತೆಂದು ಕೇಳಿದೆ.

"ಅವ್ಳು ಓದಿದ್ರೆ ತಾನೇ ನಂಗೂ ಗೊತ್ತಾಗೋದು, ಒಳಗೆ ಇನ್ನೂ ಏನೇನ್ ಐತೆ ಅಂತ."

ಸ್ವಪ್ನ ಈಗ ಹತ್ತನೇ ಕ್ಲಾಸು.

೪
ಮುಕ್ತಾಯ ಒಂದು: ಸೀರೆಗೆ ಪ್ರಶಸ್ತಿ. (ಪುಷ್ಪಾ ನಕ್ಕಳು.)
ಮುಕ್ತಾಯ ಎರಡು: ಇದನ್ನು ಯಾರು ಉಡುತ್ತಾರೆ ಎಂದು ವ್ಯಾಪಾರಿ ವಾಪಸ್ ಕಳಿಸುತ್ತಾನೆ. (ನಗಲಿಲ್ಲ.)

ಮೂರನೆಯದನ್ನು ಓದುವ ಮೊದಲೇ ನನ್ನನ್ನು ಮಗ್ಗದ ಹತ್ತಿರ ಕರೆದಳು. ಸೆರಗು ಒಂದು ಗೇಣು ಮೂಡಿತ್ತು. ಬಗ್ಗಿ ನೋಡಿದೆ. ಕಿಟಕಿಯ ಬೆಳಕು ಸರಿದಂತೆ ಹಸಿರು ಕೋಣೆಗಳು ಒಂದೊಂದಾಗಿ ಉಸಿರಾಡಿದವು. ಕಥೆಯನ್ನು ಹೇಗೆ ಮುಗಿಸಲಿ ಎಂದು ಕೊನೆಗೆ ಅವಳನ್ನೇ ಕೇಳಿದೆ.

"ಯಾಕ್ ಮುಗಿಸ್ತೀರಿ? ಹಾಸು ಇನ್ನೂ ಐತಲ್ಲ," ಎಂದು ಪುಷ್ಪಾ ಮಗ್ಗದಲ್ಲಿ ಉದ್ದಕ್ಕೂ ಬಿಗಿದ, ಇನ್ನೂ ನೇಯದ ಎಳೆಗಳನ್ನು ತೋರಿಸಿ ಲಾಳಿ ಓಡಿಸಿದಳು.