ಮಡಚಿದ ಕಾಲು

ಹೊಸ ಕಾರಿನ ಮೂತಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಬೆಳಗಾವಿಯ ಶೋರೂಮಿನಿಂದ ಬೈಲಹೊಂಗಲಕ್ಕೆ ಹೊರಟಿದ್ದ ಗುರುನಾಥ ಮಾಸ್ತರ ಹೆದ್ದಾರಿ ಹಿಡಿದದ್ದೇ, ವೇಗವನ್ನು ಎಂಬತ್ತಕ್ಕೆ ನಿಲ್ಲಿಸುವ ಗುಂಡಿ ಒತ್ತಿ, ಬಲಗಾಲನ್ನು ಎತ್ತಿ ತೊಡೆಯಡಿ ಮಡಚಿ ಕೂತ.

"ನೋಡಬೇ ಯವ್ವಾ, ಕಾಲಿಗೆ ಕೆಲಸನ ಇಲ್ಲ. ಗಾಡಿ ತಾನ ಓಡತೈತಿ. ಕ್ರೂಸ್ ಕಂಟ್ರೋಲ್ ಅಂತಾರ ಇದಕ್ಕ."

ಪಕ್ಕದಲ್ಲಿದ್ದ ಸಾವಂತ್ರೆವ್ವ ಮಗನ ಕಾಲು ನೋಡಿದಳು. "ಇಳಸೋ ಹುಚ್ಚಪ್ಪಾ. ನಿಮ್ಮಪ್ಪನೂ ಚಕ್ಕಡ್ಯಾಗ ಮಲಕೊಂಡ ಬರತಿದ್ದ. ಆದ್ರ ಎತ್ತಿಗಿ ಕಣ್ಣ ಇರತಾವು. ಇದಕ್ಕ?"

ಅವನು ನಕ್ಕ.

ಎಂ.ಕೆ. ಹುಬ್ಬಳ್ಳಿ ಹತ್ತಿರ ಕಬ್ಬು ಹೇರಿದ ಚಕ್ಕಡಿಯೊಂದು ಕಾರ್ಖಾನೆಯ ಕಡೆ ರಸ್ತೆ ದಾಟುತ್ತಿತ್ತು. ಅರ್ಧ ದಾಟಿಯೂ ಆಗಿತ್ತು. ಗುರುನಾಥ ಹಾರ್ನ್ ಒತ್ತಿದ. ಸರಿಯಬೇಕಾದದ್ದು ಚಕ್ಕಡಿಯೇ ಎಂಬಂತೆ ಮತ್ತೊಮ್ಮೆ ಒತ್ತಿದ. ಕಾರು ಎಂಬತ್ತು ಬಿಡಲಿಲ್ಲ. ಜೋಮು ಹಿಡಿದ ಕಾಲು ಬ್ರೇಕು ಹುಡುಕುವಷ್ಟರಲ್ಲಿ ಚಕ್ಕಡಿ ಹೊಡೆಯುತ್ತಿದ್ದ ಮುದುಕ ಎತ್ತುಗಳನ್ನು ಜಗ್ಗಿ ಹೊರಳಿಸಿದ್ದ. ಎಡದೆತ್ತು ಮುಗ್ಗರಿಸಿ ಡಾಂಬರಿಗೆ ಮೊಣಕಾಲೂರಿತು. ಕಬ್ಬಿನ ಹೊರೆಗಳು ಉರುಳಿದವು. ಕಾರು ಮೊಳದಂತರದಲ್ಲಿ ನಿಂತಿತು.

ಗುರುನಾಥ ಕಿಡಕಿಯಿಂದ ತಲೆ ಹೊರಹಾಕಿ ಚೀರಿದ: "ಕಣ್ಣ ಕಾಣೂದಿಲ್ಲೇನಲೇ ಮುದುಕಾ?"

ಮಾತು ಬಾಯಿಂದ ಬಿದ್ದ ಮೇಲೆ ಆ ಮಾತಿನ ಗುರುತು ಸಿಕ್ಕಿತು. ಮೂವತ್ತು ವರ್ಷದ ಹಿಂದೆ ಕಿತ್ತೂರ ರಸ್ತೆಯಲ್ಲಿ ಜೀಪಿನ ಗೌಡನೊಬ್ಬ ಅಪ್ಪ ಜಟ್ಟೆಪ್ಪನಿಗೆ ಅಂದಿದ್ದ ಮಾತು ಇದೇ. ಅಪ್ಪ ಕೆರ ಕಳಚಿ ಕೈ ಮುಗಿದಿದ್ದ. ಅದನ್ನು ಪ್ರತಿ ಐತವಾರದ ಪಾಠದಲ್ಲಿ ಓಣಿಯ ಹುಡುಗರಿಗೆ ಹೇಳಿ, "ಯಾರ ಮುಂದೂ ಕೈ ಮುಗೀಬ್ಯಾಡ್ರಿ" ಎಂದು ಮೇಜು ಗುದ್ದುವವನು ಗುರುನಾಥ.

ಮುದುಕ ಕೆಳಗಿಳಿದು ಕೆರ ಕಳಚಿದ. ಕೈ ಮುಗಿದ. "ತಪ್ಪಾತ್ರಿ ಸಾಹೇಬ್ರ. ಹೊಸಾ ಗಾಡಿ, ಏನೂ ಆಗಿಲ್ಲಲ್ರಿ?"

ಹಿಂದೆ ನಿಂತ ಲಾರಿಯವನು ಕೂಗಿದ: "ನೀವು ನಡೀರಿ ಸಾಹೇಬ್ರ! ಈ ಚಕ್ಕಡಿ ಮಂದಿಗಿ ಹೈವೇ ಅಂದ್ರ ಹಿತ್ತಲಾಗೇತಿ!"

ಗುರುನಾಥ ಹೌದೆಂಬಂತೆ ತಲೆಯಾಡಿಸಿದ.

ಸಾವಂತ್ರೆವ್ವ ಬಾಗಿಲು ತೆರೆದು ಇಳಿದಳು. "ಕೈ ಇಳಸೋ ಯಣ್ಣಾ. ಕೆರ ಮೆಟ್ಟಕೋ. ತಪ್ಪು ನನ್ನ ಮಗಂದು. ಕಾಲ ಮಡಚಿ ಕುಂತಿದ್ದ." ಸೆರಗಿನಿಂದ ಎತ್ತಿನ ಮೊಣಕಾಲಿನ ರಕ್ತ ಒರೆಸಿ ಕೇಳಿದಳು, "ಏನ್ ನಿನ್ನ ಹೆಸರು?"

"ಮಾಳಪ್ಪ ರೀ ಯಕ್ಕಾ."

ಗುರುನಾಥ ಇಳಿದು ಕುಂಟುತ್ತ ಬಂದು ಹೊರೆ ಎತ್ತಿದ. "ಬ್ಯಾಡ್ರಿ ಸಾಹೇಬ್ರ, ಅಂಗಿ ಹೊಲಸಾಗತೈತಿ" ಎಂದ ಮಾಳಪ್ಪ. ಕಬ್ಬಿನ ಗರಿ ಅಂಗೈ ಕೊಯ್ದಿತು. "ತಪ್ಪು ನಂದರೀ ಕಾಕಾ" ಎಂದ ಗುರುನಾಥ ಕೊನೆಗೆ. ಅಷ್ಟೊತ್ತಿಗೆ ಲಾರಿ ಹೋಗಿತ್ತು. ಕೇಳಬೇಕಾದವರು ಯಾರೂ ಉಳಿದಿರಲಿಲ್ಲ.

ಅವ್ವ ಕಾರು ಹತ್ತಲಿಲ್ಲ. ಕುಂಟುವ ಎತ್ತಿನ ಪಕ್ಕ ನಡೆದಳು. ಚಕ್ಕಡಿಯ ಹಿಂದೆ ಗುರುನಾಥನ ಕಾರು ತೆವಳಿತು. ಎತ್ತಿನ ಆ ನಿಧಾನದ ನಡಿಗೆಗೆ ಯಾವ ಗುಂಡಿಯೂ ಕೆಲಸ ಮಾಡುವುದಿಲ್ಲ. ಬ್ರೇಕಿನ ಮೇಲಿಟ್ಟ ಬಲಗಾಲನ್ನು ಅವನು ಕಾರ್ಖಾನೆಯ ಗೇಟಿನವರೆಗೂ ಎತ್ತಲಿಲ್ಲ. ಅವ್ವ ಒಮ್ಮೆಯೂ ಹಿಂದೆ ನೋಡಲಿಲ್ಲ.