ಕತ್ತರಿಸದ ತುದಿ

ಯಶಸ್ವಿನಿಯನ್ನು ಕಂಡರೆ ತ್ರಿವೇಣಿಗೆ ಹೊಟ್ಟೆ ಉರೀತಿತ್ತು. ಸುಮ್ಮಸುಮ್ಮನೆ ಅಲ್ಲ, ಕಾರಣ ಬೇಕಾದಷ್ಟಿತ್ತು. ಎರಡು ಸಾವಿರದ ನಾಲ್ಕರ ಬೇಸಿಗೆ ರಜೆಯಲ್ಲಿ ತುಮಕೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಹುಡುಗರಿಗೆ ಬಯೋಇನ್ಫರ್ಮ್ಯಾಟಿಕ್ಸ್ ತರಬೇತಿ ಇಟ್ಟಿದ್ದರು, ಕಂಪ್ಯೂಟರಿನಲ್ಲಿ ಜೀನ್ ಓದೋ ವಿದ್ಯೆ. ಕೊನೆಗೆ ಯಾರ ಕೆಲಸ ಚೆನ್ನಾಗಿರುತ್ತೋ ಅವರಿಗೆ ಮೈಸೂರಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡೋ ಅವಕಾಶ. ಒಬ್ಬರಿಗೆ ಮಾತ್ರ. ಮಾರ್ಕ್ಸ್ ನೋಡಿದರೆ ಅದು ತ್ರಿವೇಣಿಗೇ ಸಿಗಬೇಕಿತ್ತು. ಆದರೆ ಗುಬ್ಬಿಯಿಂದ ಬಂದು ಪಾಠ ಮಾಡುತ್ತಿದ್ದ ರಂಗನಾಥ್ ಸರ್ ಬಾಯಲ್ಲಿ ಸದಾ ಆ ಕುಣಿಗಲ್ ಹುಡುಗಿ ಯಶಸ್ವಿನಿಯ ಹೆಸರೇ.

ಸರ್ ಹಾಳಾಗಿ ಹೋಗಲಿ, ಹೆಬ್ಬೂರಿನ ಮನೆಯಲ್ಲಿ ಹೆತ್ತ ತಾಯಿ ವನಜಮ್ಮನದೂ ಅದೇ ರಾಗ. ಯಶಸ್ವಿನಿ ಒಂದು ದಿನ ದಾರೀಲಿ ಬಸ್ಸಿಳಿದು ಬಂದು, ಮುದ್ದೆ ಉಂಡು, ತಟ್ಟೆ ತೊಳೆದಿಟ್ಟು ಹೋಗಿದ್ದಳು. ಅವತ್ತಿನಿಂದ ವನಜಮ್ಮನಿಗೆ ಆ ಹುಡುಗಿ ಅಂದರೆ ಬಂಗಾರ. ತ್ರಿವೇಣಿ ಬುದ್ಧಿ ಬಂದಾಗಿನಿಂದ ತಟ್ಟೆ ತೊಳೀತಿದ್ದಾಳೆ, ಅದು ಯಾರ ಕಣ್ಣಿಗೆ ಬಿತ್ತು?

ಸಾಲದ್ದಕ್ಕೆ ಸರ್ ಅವರಿಬ್ಬರನ್ನೇ ಜೋಡಿ ಮಾಡಿದರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ ಸರಿ ಅಂದರೆ ಮಾತ್ರ ಅದು ಕೊನೆಯ ದಿನದ ಸಭೆಗೆ. ಅವರಿಗೆ ಕೊಟ್ಟಿದ್ದು ರಾಗಿಯ ಡಿಎನ್‌ಎ ತುಣುಕುಗಳ ವಿವರ. ಲ್ಯಾಬಿನಲ್ಲಿ ಅಂಥ ತುಣುಕನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಅಂಟಿಸಿ ಬೆಳೆಸಿರುತ್ತಾರೆ. ಕಂಪ್ಯೂಟರಿನಲ್ಲಿ ಹೋಲಿಕೆ ಹುಡುಕುವ ಮೊದಲು ಆ ಅಂಟಿಕೊಂಡ ತುದಿಯನ್ನು ಬದನೆಕಾಯಿ ತೊಟ್ಟು ತೆಗೆದ ಹಾಗೆ ತೆಗೆದುಹಾಕಬೇಕು. ಇಲ್ಲದಿದ್ದರೆ ರಾಗಿ ಬಿಟ್ಟು ಬ್ಯಾಕ್ಟೀರಿಯಾ ಕಾಣಿಸುತ್ತದೆ.

ಒಂದು ತುಣುಕಿನಲ್ಲಿ ಯಶಸ್ವಿನಿ ತುದಿ ಕತ್ತರಿಸೋದನ್ನೇ ಮರೆತಳು. ರಾಗಿಯೊಳಗೆ ಬ್ಯಾಕ್ಟೀರಿಯಾದಂಥ ಜೀನ್ ಸಿಕ್ಕಿದೆ ಅಂತ ಕುಣಿದಾಡಿದಳು. ತ್ರಿವೇಣಿಗೆ ನೋಡಿದ ತಕ್ಷಣ ತಪ್ಪು ಗೊತ್ತಾಯಿತು. ಹೇಳೋಕೆ ಬಾಯಿ ತೆರೆದವಳು ಮುಚ್ಚಿಕೊಂಡಳು. ಮೆರೀಲಿ ಬುಡು, ಎಲ್ಲರೆದುರು ಮರ್ಯಾದೆ ಹೋಗಲಿ, ಆಗ ಗೊತ್ತಾಗುತ್ತೆ ಅಂದುಕೊಂಡಳು. ಸರಿಯಾಗಿದೆ ಕಣೇ ಅಂತ ನಗುನಗುತ್ತಾ ಹೇಳಿಯೂಬಿಟ್ಟಳು.

ಸಭೆಗೆ ಮೈಸೂರಿನಿಂದ ಒಬ್ಬರು ಮೇಡಂ ಬಂದಿದ್ದರು. ಯಶಸ್ವಿನಿ ತನ್ನ ಜೀನ್ ತೋರಿಸಿದಳು. ತುದಿ ಕತ್ತರಿಸಿದ್ದೀಯೇನಮ್ಮ ಅಂತ ಮೇಡಂ ಕೇಳಿದರು. ಹುಡುಗಿಯ ಮುಖ ಸುಣ್ಣವಾಯಿತು. ತ್ರಿವೇಣಿಗೆ ಹೊಟ್ಟೆಗೆ ಹಾಲು ಹೊಯ್ದಂಗಾಯಿತು.

ಆ ಸುಖ ಬಹಳ ಹೊತ್ತು ಉಳಿಯಲಿಲ್ಲ. ಇದನ್ನ ಪರೀಕ್ಷೆ ಮಾಡಿದ್ದು ಯಾರು ಅಂತ ಮೇಡಂ ಮುಂದಿನ ಪ್ರಶ್ನೆ ಹಾಕಿದರು. ಅಯ್ಯೋ ಶಿವನೇ, ಅದನ್ನು ತ್ರಿವೇಣಿ ಯೋಚಿಸಿಯೇ ಇರಲಿಲ್ಲ. ಯಶಸ್ವಿನಿ ಬೀಳೋದನ್ನು ನೋಡೋ ಆತುರದಲ್ಲಿ ತನ್ನ ಕಾಲ ಕೆಳಗೂ ಅದೇ ಹಳ್ಳ ತೋಡಿಕೊಂಡಿದ್ದಳು. ರಂಗನಾಥ್ ಸರ್ ಅವಳ ಕಡೆ ತಿರುಗಿದರು.

"ತ್ರಿವೇಣಿ ನೋಡಿದ್ಲು ಮೇಡಂ," ಅಂದಳು ಯಶಸ್ವಿನಿ. "ತುದಿ ತೆಗಿ ಅಂತ ಹೇಳಿದ್ಲು. ನಾನೇ ಕೇಳದೆ, ಸರಿ ಇದೆ ಅಂದ್ಲು ಅಂತ ಸರ್‌ಗೆ ಹೇಳ್ಬಿಟ್ಟೆ."

ತ್ರಿವೇಣಿಯ ಸ್ವಂತ ಕೆಲಸದಲ್ಲಿ ಎಲ್ಲೂ ತಪ್ಪಿರಲಿಲ್ಲ. ಮೈಸೂರಿನ ಅವಕಾಶ ಅವಳದಾಯಿತು.

ಸಂಜೆ ಕುಣಿಗಲ್ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಹೆಬ್ಬೂರು ಹತ್ತಿರ ಬರೋವರೆಗೆ ತಡೆದುಕೊಂಡಿದ್ದ ತ್ರಿವೇಣಿ, ಕೊನೆಗೆ ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದಳು.

"ನಂದಂತೂ ಹೋಗಿತ್ತು, ನಿಂದೂ ಯಾಕೆ ಹೋಗ್ಬೇಕು?" ಅಂದಳು ಯಶಸ್ವಿನಿ. "ನಿಂಗೆ ಸಿಕ್ತಲ್ಲ, ನಂಗದೇ ಖುಷಿ. ತಪ್ಪು ನಿನ್ ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಬಿದ್ದಿದ್ರೆ ಹೇಳ್ದೆ ಇರ್ತಿದ್ಯಾ?"

ಹೆಬ್ಬೂರಿನಲ್ಲಿ ತ್ರಿವೇಣಿ ಬಸ್ಸಿಳಿದಳು. ಸುದ್ದಿ ಕೇಳಿ ವನಜಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು, ಮಗಳ ಗಲ್ಲ ಸವರಿದಳು. ಆಮೇಲೆ, ಪಾಪ, ಆ ಹುಡುಗಿಗೆ ಬೇಜಾರಾಯಿತೇನೋ ಅಂದಳು.

"ಇಲ್ಲಮ್ಮ," ಅಂದಳು ತ್ರಿವೇಣಿ. "ಅವಳಿಗೆ ಖುಷೀನೇ ಆಯ್ತು."

ಅದು ನಿಜವೇ ಆಗಿತ್ತು. ಮೊದಲಿಗಿಂತ ಜಾಸ್ತಿ ಹೊಟ್ಟೆ ಉರಿಸಿದ್ದೂ ಅದೇ.